ಭಾರ ಕಲ್ಲಿನದಲ್ಲ, ಗಾಳಿಯದು

(ತಾರ್ನಾಕದಲ್ಲಿ ಆಡಿದ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)



ಇವತ್ತಿನ ಮಾತು ಒಂದು ಫೋನ್ ಕಾಲ್‌ನಿಂದ ಶುರುವಾಯ್ತು. ನಮ್ಮ ಅಕ್ಕನ ಮಗ ಡಲ್ಲಾಸ್‌ನಲ್ಲಿದ್ದಾನೆ. ನಿಮ್ಮಲ್ಲಿ ಎಷ್ಟೋ ಜನರ ಹಾಗೆ ಸಾಫ್ಟ್‌ವೇರ್ ಕೆಲಸ. ಅವನ ಹತ್ತಿರ ಎಲೆಕ್ಟ್ರಿಕ್ ಪಿಕಪ್ ಟ್ರಕ್ ಇದೆ. ಈ ಬೇಸಿಗೆಗೆ ಅಕ್ಕ, ಭಾವ ಅಲ್ಲಿಗೆ ಹೋಗ್ತಾರೆ. ಅವರನ್ನ ಕೊಲರಾಡೋ ಕಡೆ ಬೆಟ್ಟ ತೋರಿಸೋಕೆ ಕರ್ಕೊಂಡು ಹೋಗಬೇಕು, ಟ್ರಕ್ಕಿನ ಹಿಂದೆ ಒಂದು ಸಣ್ಣ ಕ್ಯಾಂಪರ್ ಕಟ್ಟಬೇಕು ಅಂತ ಅವನ ಆಸೆ. ಕ್ಯಾಂಪರ್ ಅಂದ್ರೆ ಗೊತ್ತಲ್ಲ, ಗಾಲಿ ಮೇಲಿನ ಒಂದು ಪುಟ್ಟ ಮನೆ. ಒಳಗೆ ಮಂಚ, ಒಲೆ, ಸಿಂಕ್ ಎಲ್ಲಾ ಇರುತ್ತೆ. ಅಕ್ಕನಿಗೆ ಮಂಡಿ ನೋವು, ಜೊತೆಗೆ ಹೊರಗಿನ ಊಟ ಆಗೋಲ್ಲ. ಹಾಗಾಗಿ ಆಸೆ ಸರಿಯಾಗೇ ಇದೆ.

ಅವನ ಪ್ರಶ್ನೆ ಇಷ್ಟು: "ಮಾಮಾ, ಕ್ಯಾಂಪರ್ ಒಂದೂವರೆ ಟನ್ ಇದೆ. ಟ್ರಕ್ಕೇ ಮೂರು ಟನ್. ಅಂದ್ರೆ ಭಾರ ಅರ್ಧದಷ್ಟು ಜಾಸ್ತಿ ಆಯ್ತು. ರೇಂಜ್ ಎಷ್ಟು ಕಮ್ಮಿ ಆಗುತ್ತೆ? ಸಾಮಾನು ಕಮ್ಮಿ ಮಾಡಿದ್ರೆ ಉಳಿಯುತ್ತಾ? ಅವ್ವಗ ಕುಕ್ಕರ್, ಮಿಕ್ಸಿ ತರಬೇಡ ಅಂತ ಹೇಳ್ಲಾ?"

ಅವನು ಕುಕ್ಕರ್ ಅಂದ ಕೂಡಲೇ ನನಗೆ ಒಂದು ಬೀಸೋ ಕಲ್ಲು ನೆನಪಾಯ್ತು. ಅದರ ಕಥೆ ಮೊದಲು ಹೇಳ್ತೀನಿ, ಆಮೇಲೆ ಲೆಕ್ಕಕ್ಕೆ ಬರೋಣ. ಈ ಲೆಕ್ಕ ನಾನು ಕಲಿತಿದ್ದು ಅಮೆರಿಕದ ಹೈವೇ ಮೇಲಲ್ಲ, ಇಲ್ಲೇ ತಾರ್ನಾಕದಿಂದ ರಾಯಚೂರಿಗೆ ಹೋಗೋ ದಾರಿಯಲ್ಲಿ.

ತಾರ್ನಾಕದಿಂದ ರಾಯಚೂರಿಗೆ

ನಮ್ಮಪ್ಪ ತೀರಿಕೊಂಡ ಮೇಲೆ ಅವ್ವ ಎರಡು ವರ್ಷ ನಮ್ಮ ಜೊತೆ ತಾರ್ನಾಕದ ಫ್ಲ್ಯಾಟಲ್ಲಿ ಇದ್ದಳು. ಮನಸ್ಸು ಹತ್ತಲಿಲ್ಲ. ಎದುರು ಮನೆಯವರ ಜೊತೆ ಮಾತಾಡೋಣ ಅಂದ್ರೆ ತೆಲುಗು ಬರ್ತಿರಲಿಲ್ಲ, ನಾವು ಬೆಳಿಗ್ಗೆ ಹೋದ್ರೆ ರಾತ್ರಿ ಬರೋದು. ಒಂದಿನ "ನನ್ನ ಊರಿಗೆ ಬಿಟ್ಟು ಬಾರಪಾ" ಅಂದಳು. ಮೇ ತಿಂಗಳು. ಬೇಡ, ಮಳೆ ಬಿದ್ದ ಮೇಲೆ ಹೋಗೋಣ ಅಂದೆ, ಕೇಳಲಿಲ್ಲ.

ನನ್ನದು ಎಲೆಕ್ಟ್ರಿಕ್ ಕಾರು. ಯಾವ ಕಂಪನಿ ಅನ್ನೋದು ಬೇಡ, ಯಾಕಂದ್ರೆ ತಪ್ಪು ಕಾರಿನದಲ್ಲ. ಬ್ಯಾಟರಿಯಲ್ಲಿ ನಿಜವಾಗಿ ಬಳಸೋಕೆ ಸಿಗೋದು ಸುಮಾರು 38 ಯೂನಿಟ್. ಯೂನಿಟ್ ಅಂದ್ರೆ ನಿಮ್ಮ ಕರೆಂಟ್ ಬಿಲ್‌ನಲ್ಲಿ ಬರೋ ಅದೇ ಯೂನಿಟ್, ಕಿಲೋವಾಟ್ ಅವರ್. ತಾರ್ನಾಕದಿಂದ ರಾಯಚೂರಿನ ನಮ್ಮ ಮನೆಗೆ ಸುಮಾರು 215 ಕಿಲೋಮೀಟರ್. ಉಪ್ಪಲ್, ಎಲ್.ಬಿ. ನಗರ, ಔಟರ್ ರಿಂಗ್ ರೋಡ್, ಶಂಶಾಬಾದ್, ಅಲ್ಲಿಂದ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಜಡ್ಚರ್ಲಾ. ಅಲ್ಲಿ ಬಲಕ್ಕೆ ತಿರುಗಿ ಮಹಬೂಬ್‌ನಗರ, ಮಕ್ತಲ್, ಕೃಷ್ಣಾ ನದಿ ದಾಟಿದ್ರೆ ಶಕ್ತಿನಗರ, ಆಮೇಲೆ ರಾಯಚೂರು. ಗಂಟೆಗೆ 80ರಲ್ಲಿ ಹೋದ್ರೆ ಮನೆ ಮುಟ್ಟಿದಾಗ ಇನ್ನೂ 20 ಪರ್ಸೆಂಟ್ ಉಳಿದಿರುತ್ತೆ. ಹತ್ತಾರು ಸಲ ಹೋಗಿದ್ದೀನಿ, ಎಲ್ಲೂ ಚಾರ್ಜ್ ಮಾಡಿದ್ದಿಲ್ಲ. ಆ ಧೈರ್ಯವೇ ಕೆಡಿಸಿತು.

ಆವತ್ತು ಅವ್ವನ ಸಾಮಾನೆಲ್ಲಾ ಇತ್ತು. ಕಾರಿನ ಮೇಲೆ ಕ್ಯಾರಿಯರ್ ಹಾಕಿಸಿ, ಅದರ ಮೇಲೆ ಅಪ್ಪನ ಆರಾಮ ಕುರ್ಚಿ, ಒಂದು ತಗಡಿನ ಟ್ರಂಕು, ಹಾಸಿಗೆ ಸುತ್ತು. ಎಲ್ಲಾ ಸೇರಿಸಿ ತಾಡಪತ್ರಿ ಹೊದಿಸಿ ಹಗ್ಗ ಕಟ್ಟಿದೆ. ಡಿಕ್ಕಿಯಲ್ಲಿ ಪಾತ್ರೆ, ಜೋಳದ ಚೀಲ, ಮತ್ತೆ ಒಂದು ಬೀಸೋ ಕಲ್ಲು. ಅವ್ವನಿಗೆ ಅವರತ್ತೆ ಕೊಟ್ಟಿದ್ದು. ಹೈದರಾಬಾದಿಗೆ ಬರುವಾಗಲೂ ತಂದಿದ್ದಳು. ಎರಡು ಬಿಲ್ಲೆ ಸೇರಿ ಇಪ್ಪತ್ತು ಕಿಲೋ. ಎಲ್ಲಾ ಲೆಕ್ಕ ಹಾಕಿದ್ರೆ ಮಾಮೂಲಿಗಿಂತ ನೂರು ಕಿಲೋ ಜಾಸ್ತಿ.

ಬಿಸಿಲೇರೋದ್ರೊಳಗೆ ಮುಟ್ಟಬೇಕು ಅಂತ ನಾನು ಔಟರ್ ಹತ್ತಿದಾಗಿಂದ 100ರಲ್ಲೇ ಹೊಡೆದೆ. ಜಡ್ಚರ್ಲಾಕ್ಕೆ ಬಂದಾಗ ಯಾವಾಗಲೂ 65 ಪರ್ಸೆಂಟ್ ಇರ್ತಿತ್ತು, ಆವತ್ತು 37. ಇನ್ನೂ 120 ಕಿಲೋಮೀಟರ್ ಬಾಕಿ. ಮುಂದೆ ಆ್ಯಪ್‌ನಲ್ಲಿ ತೋರಿಸಿದ ಚಾರ್ಜರ್ ಹುಡುಕಿ ಹೋದ್ರೆ ಅದು ಕೆಟ್ಟು ನಿಂತಿತ್ತು. ಆಮೇಲೆ ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, 60ರಲ್ಲಿ ತೆವಳ್ತಾ ಮಕ್ತಲ್ ಮುಟ್ಟಿದ್ವಿ. 7 ಪರ್ಸೆಂಟ್. ಹೊರಗೆ ನಲವತ್ತು ಡಿಗ್ರಿ ದಾಟಿತ್ತು. ಹಿಂದಿನ ಸೀಟಿನಲ್ಲಿ 74 ವರ್ಷದ ಅವ್ವ, ಒದ್ದೆ ಸೆರಗು ತಲೆ ಮೇಲೆ ಹಾಕ್ಕೊಂಡು ಕೂತಿದ್ದಾಳೆ. ಒಂದು ಮಾತಿಲ್ಲ. ರೇಂಜ್ ಆಂಗ್ಝೈಟಿ ಅಂತ ನಾವು ತಮಾಷೆ ಮಾಡ್ತೀವಲ್ಲ, ಆವತ್ತು ನನಗೆ ನಗು ಬರಲಿಲ್ಲ.

ಊರ ಹೊರಗೆ ಒಂದು ರೈಸ್ ಮಿಲ್ ಸಿಕ್ಕಿತು. ಆ ಕಡೆ ಕನ್ನಡ ಬಲ್ಲವರು ಬಹಳ. ವಾಚ್‌ಮನ್ ಕನ್ನಡದಲ್ಲೇ ಮಾತಾಡಿ, ಮಾಲೀಕರಿಗೆ ಫೋನ್ ಹಚ್ಚಿ, 15 ಆ್ಯಂಪ್ ಸಾಕೆಟ್ ತೋರಿಸಿದ. ಅವನ ಹೆಂಡತಿ ಅವ್ವನ್ನ ಒಳಗೆ ಕರ್ಕೊಂಡು ಹೋಗಿ ಮಜ್ಜಿಗೆ ಕೊಟ್ಟಳು. ನಾಲ್ಕು ಗಂಟೆ ಅಲ್ಲೇ ಕೂತ್ವಿ. ಗಂಟೆಗೆ ಮೂರು ಯೂನಿಟ್ ಲೆಕ್ಕದಲ್ಲಿ, ಸೋರಿಕೆ ಕಳೆದು ಹತ್ತು ಯೂನಿಟ್ ಒಳಗೆ ಹೋಯ್ತು.

ಹೊರಡೋ ಹೊತ್ತಿಗೆ ಅವ್ವ ಬಂದು ಅಂದಳು: "ನನ್ನ ಕಲ್ಲಿನ ಭಾರಕ್ಕ ಹಿಂಗಾತು ನೋಡಪಾ. ಅದನ್ನ ಇಲ್ಲೇ ಇಳಿಸಿಬಿಡು."

ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ನನಗೂ ಹಾಗೇ ಅನಿಸಿತ್ತು. ಇಪ್ಪತ್ತು ಕಿಲೋ ಕಮ್ಮಿಯಾದ್ರೆ ನಲವತ್ತೈದು ಕಿಲೋಮೀಟರ್ ನಿಶ್ಚಿಂತೆ ಅಂದ್ಕೊಂಡು ಕಲ್ಲನ್ನ ವಾಚ್‌ಮನ್ ಮನೆ ಮುಂದೆ ಇಳಿಸಿದೆ. ಕಾರಿನ ಮೇಲಿನ ಕುರ್ಚಿ, ಟ್ರಂಕು ಹಾಗೇ ಇತ್ತು. ತಾಡಪತ್ರಿ ಗಾಳಿಗೆ ಪಟಪಟ ಅಂತಿತ್ತು. ಅದರ ಕಡೆ ನೋಡಲೂ ಇಲ್ಲ.

ಲೆಕ್ಕ ಹಾಕಿದಾಗ

ಊರಿಗೆ ಹೋದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಲೆಕ್ಕ ಹಾಕಿದೆ. ಪಿಯುಸಿ ಫಿಸಿಕ್ಸ್, ಅಷ್ಟೇ.

ಸಮ ರಸ್ತೆಯಲ್ಲಿ ಒಂದೇ ಸ್ಪೀಡಲ್ಲಿ ಹೋಗೋ ಗಾಡಿಯನ್ನ ಎರಡು ಶಕ್ತಿ ಹಿಂದಕ್ಕೆ ಎಳೀತವೆ. ಒಂದು ಟೈರು. ರಬ್ಬರು ರಸ್ತೆ ಮೇಲೆ ಅಮುಕಿ ಅಮುಕಿ ಉರುಳೋಕೆ ಬೇಕಾದ ಶಕ್ತಿ. ಇದು ಭಾರ ಹೆಚ್ಚಾದ ಹಾಗೆ ಹೆಚ್ಚಾಗುತ್ತೆ. ಇನ್ನೊಂದು ಗಾಳಿ. ಇದಕ್ಕೆ ಭಾರದ ಗೊಡವೆ ಇಲ್ಲ. ಎಷ್ಟು ಅಗಲ, ಎಷ್ಟು ಎತ್ತರ, ಎಂಥ ಆಕಾರ, ಎಷ್ಟು ಸ್ಪೀಡು, ಇಷ್ಟನ್ನೇ ನೋಡುತ್ತೆ. ಸ್ಪೀಡು ದುಪ್ಪಟ್ಟಾದ್ರೆ ಗಾಳಿಯ ಎಳೆತ ನಾಲ್ಕು ಪಟ್ಟು.

ನನ್ನ ಕಾರಿನ ಅಂದಾಜು ಹೇಳ್ತೀನಿ. ಮೇಲೆ ಏನೂ ಇಲ್ಲದೆ 80ರಲ್ಲಿ ಹೋದ್ರೆ ನೂರು ಕಿಲೋಮೀಟರಿಗೆ 14 ಯೂನಿಟ್. ಗಾಳಿಗೆ ಆರೂವರೆ, ಟೈರಿಗೆ ಆರು ಚಿಲ್ಲರೆ, ಉಳಿದಿದ್ದು ಎಸಿಗೆ. ಅದೇ ಕಾರು 100ರಲ್ಲಿ ಹೋದ್ರೆ ಹದಿನೇಳೂವರೆ ಯೂನಿಟ್. ಈಗ ಕ್ಯಾರಿಯರ್ ಮೇಲೆ ಮೂರೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಗಂಟು ಕಟ್ಟಿ 100ರಲ್ಲಿ ಹೋಗಿ: 26 ಯೂನಿಟ್! ಅದರಲ್ಲಿ ಮೇಲಿನ ಗಂಟಿಗೆ ಬಡಿಯೋ ಗಾಳಿಯ ಪಾಲೇ 8 ಯೂನಿಟ್‌ಗಿಂತ ಜಾಸ್ತಿ. ಅವ್ವನ ಸಾಮಾನಿನ ನೂರು ಕಿಲೋ ಭಾರದ ಪಾಲು? ಅರ್ಧ ಯೂನಿಟ್ಟೂ ಇಲ್ಲ.

ಆ ಬೀಸೋ ಕಲ್ಲಿನ ಪಾಲು ಎಷ್ಟು ಅಂತ ಬೇರೆಯಾಗಿ ನೋಡಿದೆ. ತಾರ್ನಾಕದಿಂದ ರಾಯಚೂರಿನವರೆಗೂ ಹೊತ್ತಿದ್ರೆ 0.15 ಯೂನಿಟ್. ಅಂದ್ರೆ ಒಂದು ಕಿಲೋಮೀಟರ್ ರೇಂಜ್. ಮಕ್ತಲ್‌ನಿಂದ ರಾಯಚೂರಿಗೆ ಬರೀ 0.03. ಒಂದು 9 ವಾಟ್ ಎಲ್‌ಇಡಿ ಬಲ್ಬು ಮೂರೂವರೆ ಗಂಟೆ ಉರಿಯೋಷ್ಟು ಕರೆಂಟು. ಅಷ್ಟಕ್ಕೆ ನಾನು ಅವ್ವನ ಕಲ್ಲು ಇಳಿಸಿ ಬಂದಿದ್ದೆ.

ಘಾಟ್ ಇದೆಯಲ್ಲ, ಏರು ಇದೆಯಲ್ಲ ಅಂತ ಕೇಳಬಹುದು. ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 540 ಮೀಟರ್, ರಾಯಚೂರು ಸುಮಾರು 400. ಹೋಗ್ತಾ ಇಳಿಜಾರು, ಬರ್ತಾ ಏರು. ಇಡೀ ಕಾರು, ಜನ, ಸಾಮಾನು ಸೇರಿಸಿ ಆ 140 ಮೀಟರ್ ಹತ್ತಿಸೋಕೆ ಒಂದು ಯೂನಿಟ್ ಸಾಕು. ದಖ್ಖನ್ ಪೀಠಭೂಮಿಯಲ್ಲಿ ನಮ್ಮ ವೈರಿ ಬೆಟ್ಟ ಅಲ್ಲ, ನಮ್ಮ ಬಲಗಾಲು. (ನಗು)

ಒಂದು ಎಚ್ಚರಿಕೆ. ಇದೆಲ್ಲಾ ಹೈವೇ ಲೆಕ್ಕ. ಇಲ್ಲಿ ತಾರ್ನಾಕ ಜಂಕ್ಷನ್‌ನಲ್ಲಿ ನಿಂತು ನೋಡಿ, ಎಲೆಕ್ಟ್ರಿಕ್ ಗೂಡ್ಸ್ ಆಟೋಗಳು ಸಿಮೆಂಟ್ ಚೀಲ ಹೊತ್ಕೊಂಡು ಉಪ್ಪಲ್ ಕಡೆ ಹೋಗ್ತಿರ್ತವೆ. ಅವಕ್ಕೆ ಭಾರವೇ ಮುಖ್ಯ. ಗಂಟೆಗೆ 30ರಲ್ಲಿ ಗಾಳಿ ಲೆಕ್ಕಕ್ಕಿಲ್ಲ. ಸಿಗ್ನಲ್ ಸಿಗ್ನಲ್‌ಗೂ ನಿಂತು ಹೊರಡಬೇಕು, ಪ್ರತಿ ಸಲ ಅಷ್ಟೂ ಭಾರಕ್ಕೆ ವೇಗ ಕೊಡಬೇಕು. ಬ್ರೇಕ್ ಹಾಕಿದಾಗ ಮೋಟಾರು ಒಂದಿಷ್ಟು ಕರೆಂಟನ್ನ ವಾಪಸ್ ಬ್ಯಾಟರಿಗೆ ತುಂಬುತ್ತೆ, ಪೂರ್ತಿ ಅಲ್ಲ. ನಾವು ಭಾರದ ಅನುಭವ ಪಡೆಯೋದು ಊರೊಳಗೆ, ಅದನ್ನೇ ಹೈವೇಗೂ ಒಯ್ತೀವಿ. ನನ್ನ ತಪ್ಪೂ ಅಲ್ಲೇ ಆಗಿದ್ದು.

ಡಲ್ಲಾಸ್‌ನ ಕ್ಯಾಂಪರ್

ಈಗ ಅಳಿಯನ ಪ್ರಶ್ನೆಗೆ ಬರೋಣ. ಉದಾಹರಣೆಗೆ ಫೋರ್ಡ್ ಎಫ್-150 ಲೈಟ್ನಿಂಗ್ ತಗೊಳ್ಳೋಣ. 2022ರಲ್ಲಿ ರಸ್ತೆಗೆ ಬಂತು. ದೊಡ್ಡ ಬ್ಯಾಟರಿಯ ಮಾಡೆಲ್‌ನಲ್ಲಿ ಬಳಸೋಕೆ ಸಿಗೋದು 131 ಯೂನಿಟ್, ಸರ್ಕಾರಿ ಲೆಕ್ಕದ ರೇಂಜ್ 320 ಮೈಲಿ, ಅಂದ್ರೆ 515 ಕಿಲೋಮೀಟರ್. ಅದು ಊರು, ಹೈವೇ ಎಲ್ಲಾ ಬೆರೆಸಿದ ಲೆಕ್ಕ.

ಗಂಟೆಗೆ 105 ಕಿಲೋಮೀಟರ್, ಅಂದ್ರೆ 65 ಮೈಲಿ ಸ್ಪೀಡಲ್ಲಿ ಬರೀ ಟ್ರಕ್ಕಿನದು ನನ್ನ ಅಂದಾಜು ಇದು: ನೂರು ಕಿಲೋಮೀಟರಿಗೆ ಗಾಳಿಗೆ 23 ಯೂನಿಟ್, ಟೈರಿಗೆ 8 ಚಿಲ್ಲರೆ. ಒಟ್ಟು 32. ರೇಂಜ್ ಸುಮಾರು 410 ಕಿಲೋಮೀಟರ್.

ಹಿಂದೆ ಒಂದೂವರೆ ಟನ್ನಿನ ಸಣ್ಣ ಕ್ಯಾಂಪರ್ ಕಟ್ಟಿ. ಅದು ಟ್ರಕ್ಕಿಗಿಂತ ಎತ್ತರ, ಚೌಕ, ಹಿಂಭಾಗ ಚಪ್ಪಟೆ. ಗಾಳಿಗೆ ಇನ್ನೂ 19 ಯೂನಿಟ್, ಟೈರಿಗೆ ನಾಲ್ಕೂವರೆ. ಒಟ್ಟು 56. ರೇಂಜ್ 235. ಅಂದ್ರೆ ನೂರರಲ್ಲಿ ನಲವತ್ತಕ್ಕಿಂತ ಹೆಚ್ಚು ಹೋಯ್ತು. ಅಮೆರಿಕದ ವಾಹನ ಪತ್ರಿಕೆಗಳು ಟ್ರೇಲರ್ ಕಟ್ಟಿ ಓಡಿಸಿ ನೋಡಿದಾಗಲೂ ಹೆಚ್ಚುಕಡಿಮೆ ಅರ್ಧ ಹೋಗಿದ್ದೇ ಸಿಕ್ಕಿದ್ದು. ದೊಡ್ಡ ಡಬ್ಬಿ ಕಟ್ಟಿದ್ರೆ ಅರ್ಧಕ್ಕಿಂತ ಜಾಸ್ತಿ.

ಗಮನಿಸಿ, ಹೊಸದಾಗಿ ಸೇರಿದ ಖರ್ಚಿನಲ್ಲಿ ಐದರಲ್ಲಿ ನಾಲ್ಕು ಪಾಲು ಗಾಳಿಯದು. ಕ್ಯಾಂಪರ್ ಒಳಗೆ ಇನ್ನೂ 300 ಕಿಲೋ ನೀರು, ಅಕ್ಕಿ, ಕುಕ್ಕರ್, ಮಿಕ್ಸಿ ತುಂಬಿದ್ರೂ ರೇಂಜ್ 235 ಇದ್ದದ್ದು 231 ಆಗುತ್ತೆ. ನಾಲ್ಕು ಕಿಲೋಮೀಟರ್! ಹಾಗಾಗಿ ಅಳಿಯನಿಗೆ ಹೇಳಿದೆ, ನಿಮ್ಮವ್ವನ ಕುಕ್ಕರ್ ಮುಟ್ಟಬೇಡ.

ಹಾಗಾದ್ರೆ ಏನು ಮಾಡಬೇಕು? ಸ್ಪೀಡ್ ಇಳಿಸು. 105ರ ಬದಲು 88ರಲ್ಲಿ, ಅಂದ್ರೆ 55 ಮೈಲಿಯಲ್ಲಿ ಹೋದ್ರೆ ನೂರು ಕಿಲೋಮೀಟರಿಗೆ 43 ಯೂನಿಟ್ ಸಾಕು. ರೇಂಜ್ 300. ಒಂದು ಪೈಸೆ ಖರ್ಚಿಲ್ಲದೆ 65 ಕಿಲೋಮೀಟರ್ ವಾಪಸ್ ಬಂತು. ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯೋ ಗಾಡಿಗೆ ಕಾನೂನಿನ ಮಿತಿಯೇ 55 ಮೈಲಿ.

"ಲೇಟ್ ಆಗುತ್ತಲ್ಲ ಮಾಮಾ" ಅಂದ. ಲೆಕ್ಕ ಹಾಕಿಸಿದೆ. ಡಲ್ಲಾಸ್‌ನಿಂದ ಅಮರಿಲ್ಲೋಗೆ ಸುಮಾರು 580 ಕಿಲೋಮೀಟರ್. ಮೊದಲ ಸಲ ಫುಲ್ ಚಾರ್ಜ್‌ನಿಂದ ಹೊರಡ್ತೀವಿ. ಆಮೇಲೆ ಪ್ರತಿ ಸಲ 80 ಪರ್ಸೆಂಟ್‌ವರೆಗೆ ಮಾತ್ರ ತುಂಬ್ತೀವಿ, ಯಾಕಂದ್ರೆ ಅದರ ಮೇಲೆ ಚಾರ್ಜಿಂಗ್ ತುಂಬಾ ನಿಧಾನ. 10 ಪರ್ಸೆಂಟ್ ಕೈಯಲ್ಲಿ ಇಟ್ಕೊಂಡಿರಬೇಕು. ಹೀಗೆ ನೋಡಿದ್ರೆ 105ರಲ್ಲಿ ಮೂರು ಕಡೆ ನಿಲ್ಲಬೇಕು, 88ರಲ್ಲಿ ಎರಡೇ ಕಡೆ. ಒಂದೊಂದು ಸ್ಟಾಪಿಗೆ ಮುಕ್ಕಾಲು ಗಂಟೆ ಹಿಡಿದ್ರೆ ಎರಡಕ್ಕೂ ಎಂಟು ಗಂಟೆ ಆಜುಬಾಜು. ವ್ಯತ್ಯಾಸ ಇಪ್ಪತ್ತು ನಿಮಿಷ. ಜೊತೆಗೆ ಅಲ್ಲಿ ಎಷ್ಟೋ ಚಾರ್ಜಿಂಗ್ ಜಾಗಗಳಲ್ಲಿ ಕಾರು ಮೂತಿ ಒಳಗೆ ಹಾಕಿ ನಿಲ್ಲಿಸೋ ಏರ್ಪಾಡು. ಕ್ಯಾಂಪರ್ ಬಿಚ್ಚಿ ಪಕ್ಕಕ್ಕಿಟ್ಟು, ಚಾರ್ಜ್ ಮಾಡಿ, ಮತ್ತೆ ಕಟ್ಟಬೇಕು. ಒಂದು ಸ್ಟಾಪ್ ಕಮ್ಮಿಯಾದ್ರೆ ಒಂದು ಸಲ ಬಿಚ್ಚಿ ಕಟ್ಟೋದು ತಪ್ಪಿತು.

ಇನ್ನು ಎದುರುಗಾಳಿ. ಅಮರಿಲ್ಲೋ ಸೀಮೆ ಗಾಳಿಗೆ ಹೆಸರಾದದ್ದು. ಎದುರಿನಿಂದ 25 ಕಿಲೋಮೀಟರ್ ವೇಗದ ಗಾಳಿ ಇದ್ರೆ, ನೀವು 105ರಲ್ಲಿ ಹೋದ್ರೂ ಕ್ಯಾಂಪರ್‌ಗೆ ಅದು 130. ರೇಂಜ್ 235ರಿಂದ 165ರ ಹತ್ತಿರಕ್ಕೆ ಬೀಳುತ್ತೆ. ಹೊರಡೋ ಮುಂಚೆ ಮಳೆ ನೋಡ್ತೀವಲ್ಲ, ಗಾಳಿಯ ದಿಕ್ಕನ್ನೂ ನೋಡಿ.

ಕೊಲರಾಡೋದಲ್ಲಿ ನಿಜವಾದ ಬೆಟ್ಟ ಬರುತ್ತೆ. ಅಲ್ಲಿ ಭಾರಕ್ಕೂ ಬೆಲೆ ಇದೆ. ಟ್ರಕ್ಕು, ಕ್ಯಾಂಪರ್ ಸೇರಿ ನಾಲ್ಕೂವರೆ ಟನ್ನನ್ನ ಒಂದು ಸಾವಿರ ಮೀಟರ್ ಹತ್ತಿಸೋಕೆ 14 ಯೂನಿಟ್ ಬೇಕು, ಬ್ಯಾಟರಿಯ ಹತ್ತನೇ ಒಂದು ಪಾಲು. ಇಳಿಯುವಾಗ ಒಂದಿಷ್ಟು ವಾಪಸ್ ಬರುತ್ತೆ. ಗಾಳಿಗೆ ಕೊಟ್ಟಿದ್ದು ಯಾವತ್ತೂ ವಾಪಸ್ ಬರೋಲ್ಲ.

ಒಬ್ಬರು ಕೇಳಬಹುದು, ಪೆಟ್ರೋಲ್ ಟ್ರಕ್ಕಿಗೆ ಈ ತಾಪತ್ರಯ ಇಲ್ವಾ? ಇದೆ. ಅದರ ಮೈಲೇಜೂ ಹೀಗೇ ಬೀಳುತ್ತೆ. ಆದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಆ ಲೆಕ್ಕದಲ್ಲಿ ಲೈಟ್ನಿಂಗ್‌ನ ಅಷ್ಟು ದೊಡ್ಡ ಬ್ಯಾಟರಿ ಹದಿನೈದು ಲೀಟರ್ ಪೆಟ್ರೋಲಿಗೆ ಸಮ. ನನ್ನ ಕಾರಿನ ಬ್ಯಾಟರಿ ನಾಲ್ಕೂ ಚಿಲ್ಲರೆ ಲೀಟರ್. ಇಷ್ಟು ಸ್ವಲ್ಪದರಲ್ಲಿ ಇಷ್ಟು ದೂರ ಹೋಗೋದು ಮೋಟಾರಿನ ಜಾಣತನ. ಆದರೆ ಡಬ್ಬಿ ಸಣ್ಣದಿರುವಾಗ ಪ್ರತಿ ತೂತೂ ಕಣ್ಣಿಗೆ ಕಾಣುತ್ತೆ.

ಕೈಗೆ ಸಿಗೋ ನಾಲ್ಕು ಮಾತು

ಒಂದು. ಕಿಲೋಮೀಟರ್ ನಂಬಬೇಡಿ, ಯೂನಿಟ್ ಲೆಕ್ಕ ಇಡಿ. ಮೀಟರಿನಲ್ಲಿ ತೋರಿಸೋ ಉಳಿದ ದೂರ ನಿನ್ನೆಯ ಓಟ ನೋಡಿ ಹೇಳಿದ್ದು. ಹೊಸ ಹೊರೆ ಕಟ್ಟಿದ ದಿನ ಮೊದಲ 30 ಕಿಲೋಮೀಟರ್ ಹೈವೇ ಮೇಲೆ ಹೋಗಿ, ಎಷ್ಟು ಪರ್ಸೆಂಟ್ ಇಳೀತು ನೋಡಿ, ಅದರಿಂದ ಮುಂದಿನದ್ದು ಲೆಕ್ಕ ಹಾಕಿ. ನಾನು ಶಾದ್‌ನಗರದಲ್ಲಿ ಒಂದು ಸಲ ಪರ್ಸೆಂಟ್ ನೋಡಿದ್ರೆ ಮಕ್ತಲ್ ಕಥೆ ಆಗ್ತಿರಲಿಲ್ಲ.

ಎರಡು. ಸಾಮಾನು ಒಳಗೆ ಹಿಡಿಸೋದಾದ್ರೆ ಒಳಗೇ ಇಡಿ. ಮೇಲೆ ಕಟ್ಟಲೇಬೇಕಾದ್ರೆ ಮಲಗಿಸಿ ಕಟ್ಟಿ, ಮುಂದೆ ತಗ್ಗು ಇರಲಿ, ತಾಡಪತ್ರಿ ಪಟಪಟ ಅನ್ನಬಾರದು. ಕಾರಿನ ಮಾಲಿಗೆ ಎಷ್ಟು ಕಿಲೋ ತಡೆಯುತ್ತೆ ಅಂತ ಪುಸ್ತಕದಲ್ಲಿ ಬರೆದಿರುತ್ತೆ, ಅದನ್ನ ಮೀರಬೇಡಿ. ಊರು ಮುಟ್ಟಿದ ಮೇಲೆ ಖಾಲಿ ಕ್ಯಾರಿಯರ್ ಬಿಚ್ಚಿಡಿ, ಖಾಲಿಯಿದ್ರೂ ಅದು ತಿನ್ನುತ್ತೆ.

ಮೂರು. ಅಮೆರಿಕದವರಿಗೆ: ಕ್ಯಾಂಪರ್ ಕೊಳ್ಳುವಾಗ ತೂಕದ ಚೀಟಿಗಿಂತ ಮೊದಲು ಎತ್ತರ ಮತ್ತು ಮೂತಿ ನೋಡಿ. ಟ್ರಕ್ಕಿನ ನೆರಳಲ್ಲಿ ಅಡಗೋ ತಗ್ಗಿನ, ದುಂಡು ಮೂತಿಯ ಕ್ಯಾಂಪರ್ ಸ್ವಲ್ಪ ಭಾರ ಇದ್ರೂ ಲಾಭವೇ. ಒಳಗಿನ ಭಾರದ ವಸ್ತುಗಳು ಕೆಳಗೆ, ಅಚ್ಚಿಗಿಂತ ಸ್ವಲ್ಪ ಮುಂದೆ ಇರಲಿ. ಕ್ಯಾಂಪರ್ ತೂಕದ 10ರಿಂದ 15 ಪರ್ಸೆಂಟ್ ಕೊಂಡಿಯ ಮೇಲೆ ಕೂರಬೇಕು. ಇದು ರೇಂಜಿಗಲ್ಲ, ಜೀವಕ್ಕೆ. ಹಿಂಭಾರ ಆದ್ರೆ ಕ್ಯಾಂಪರ್ ಬಾಲದ ಹಾಗೆ ಬೀಸಾಡುತ್ತೆ.

ನಾಲ್ಕು. ವಯಸ್ಸಾದವರು ಜೊತೆಗಿದ್ರೆ ಕೊನೆಯ 10 ಪರ್ಸೆಂಟ್‌ನ ಇಲ್ಲ ಅಂತಲೇ ತಿಳ್ಕೊಳ್ಳಿ. ಚಾರ್ಜರ್ ಕೆಟ್ಟಿರುತ್ತೆ ಅಂತಲೇ ಹೊರಡಿ, ಅದರ ಮುಂದಿನದಕ್ಕೂ ಮುಟ್ಟೋಷ್ಟು ಇಟ್ಕೊಳ್ಳಿ. ನಿಮ್ಮ ಹಟಕ್ಕೆ ಹಿಂದಿನ ಸೀಟಿನವರು ಬೇಯಬಾರದು.

ಕಲ್ಲಿನ ಕಥೆ ಮುಗಿಸಿಬಿಡ್ತೀನಿ. ಲೆಕ್ಕ ಹಾಕಿದ ಮರುದಿನ ಬೆಳಿಗ್ಗೆ ಅವ್ವನ ಮುಂದೆ ಕೂತು, ನಿನ್ನ ಕಲ್ಲಿನಿಂದ ಆದದ್ದಲ್ಲ, ನಾನು ಜೋರು ಹೊಡೆದದ್ದಕ್ಕೆ ಆಯ್ತು, ಅಪ್ಪನ ಕುರ್ಚಿಯನ್ನ ಎದ್ದು ನಿಲ್ಲಿಸಿ ಕಟ್ಟಿದ್ದಕ್ಕೆ ಆಯ್ತು ಅಂತ ಹೇಳಿದೆ. "ಹೌದೇನು?" ಅಂದಳು. ಅಷ್ಟೇ. ಆದರೆ ಆವತ್ತು ಎರಡು ರೊಟ್ಟಿ ಜಾಸ್ತಿ ಉಂಡಳು.

ಮೂರು ವಾರ ಬಿಟ್ಟು ರಾಯಚೂರಿಗೆ ಹೋಗ್ತಾ ಮಕ್ತಲ್‌ನಲ್ಲಿ ನಿಲ್ಲಿಸಿದೆ. ವಾಚ್‌ಮನ್ ಹೆಂಡತಿ ಅದೇ ಕಲ್ಲಿನಲ್ಲಿ ಕಡಲೆಬೇಳೆ ಬೀಸ್ತಾ ಕೂತಿದ್ದಳು. ನನ್ನ ನೋಡಿ ಗಡಬಡಿಸಿ ಎದ್ದು, ತಗೊಂಡು ಹೋಗ್ರಿ ಅಣ್ಣಾರ ಅಂತ ಸೆರಗಿನಿಂದ ಒರೆಸೋಕೆ ಶುರು ಮಾಡಿದಳು. ನಾನು ಅವ್ವಗೆ ಫೋನ್ ಮಾಡಿದೆ.

"ಬೀಸಾಕತ್ಯಾಳೇನು?" ಅಂದಳು ಅವ್ವ. ಹೂಂ ಅಂದೆ. "ಬೀಸಲಿ ಬಿಡು. ಕಲ್ಲು ಇರೋದೇ ಬೀಸಾಕ. ನೀ ಸಾವಕಾಶ ಬಾ."

ಸಾವಕಾಶ ಹೋದೆ, 80ರಲ್ಲಿ. ಮನೆ ಮುಟ್ಟಿದಾಗ 21 ಪರ್ಸೆಂಟ್ ಇತ್ತು.

ಅಳಿಯ ಮೊನ್ನೆ ಮತ್ತೆ ಫೋನ್ ಮಾಡಿದ್ದ. ತಗ್ಗಿನ ಕ್ಯಾಂಪರ್ ಬಾಡಿಗೆಗೆ ಸಿಕ್ಕಿದೆಯಂತೆ, ಒಳಗೆ ನಿಂತ್ರೆ ಅವನ ತಲೆ ತಗಲುತ್ತಂತೆ. ಅಕ್ಕ ಕುಳ್ಳಗಿದ್ದಾಳೆ, ಅವಳಿಗೆ ತೊಂದರೆ ಇಲ್ಲ. ಕುಕ್ಕರ್ ಪ್ಯಾಕ್ ಆಗಿದೆ.

ನಿಮ್ಮ ಲೆಕ್ಕ, ನಿಮ್ಮ ಅನುಭವ ಏನಿದ್ರೂ ಬರೆದು ಕಳಿಸಿ. ಎಷ್ಟು ಭಾರ ಅಂತ ಬರೆಯುವಾಗ, ಎಷ್ಟು ಸ್ಪೀಡಲ್ಲಿ ಹೋದ್ರಿ ಅನ್ನೋದನ್ನೂ ನಿಜ ಬರೀರಿ.